ಲಕ್ವ ಹೊಡೆದ ಕೈಗೆ ಯಂತ್ರದ ಆಸರೆ ಸಾಕೇ?

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಬಾತಿಯ ಒಂದು ಮನೆ. ಅತ್ತೆಗೆ ಲಕ್ವ ಹೊಡೆದು ಏಳು ತಿಂಗಳಾಗಿವೆ. ಕಾಲು ಅಷ್ಟಿಷ್ಟು ಬಂದಿದೆ, ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುತ್ತಾರೆ. ಬಲಗೈ ಮಾತ್ರ ಎದೆಗೆ ಒತ್ತಿಕೊಂಡು, ಬೆರಳು ಮುಷ್ಟಿ ಕಟ್ಟಿ ಕೂತುಬಿಟ್ಟಿದೆ. ನಲವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ ಅದು! ಬೆಂಗಳೂರಿನಲ್ಲಿರುವ ಮಗ ಫೋನಿಗೆ ಒಂದು ವಿಡಿಯೋ ಕಳಿಸಿದ್ದಾನೆ. ಅದರಲ್ಲಿ ರೋಗಿಯ ಕೈಯನ್ನು ಯಂತ್ರವೊಂದು ಹಿಡಿದು ಆಡಿಸುತ್ತಿದೆ. "ಅವ್ವನ್ನ ಇಲ್ಲಿಗೆ ಕರ್ಕೊಂಬರ್ರಿ, ರೋಬೋ ಐತೆ" ಎಂದು ಅವನ ಒತ್ತಾಯ. ಸೊಸೆ ನನ್ನನ್ನು ಕೇಳಿದ್ದು ಒಂದೇ ಮಾತು: "ಅಕ್ಕಾ, ನನ್ನ ಬಳೆ ಅಡ ಇಟ್ರೆ ಅತ್ತೆ ಕೈ ಬರ್ತೈತಾ?"

ಇಂಥ ಪ್ರಶ್ನೆ ಇವತ್ತು ಎಷ್ಟೋ ಮನೆಗಳಲ್ಲಿದೆ. ಬಳೆ ಬಿಚ್ಚುವ ಮೊದಲು ತಿಳಿದುಕೊಳ್ಳಬೇಕಾದ್ದೂ ಸಾಕಷ್ಟಿದೆ.

ಮೊದಲನೆಯದಾಗಿ, ಲಕ್ವದಲ್ಲಿ ಕೆಟ್ಟಿರುವುದು ಕೈಯಲ್ಲ, ಮೆದುಳು. ಮೆದುಳಿನ ರಕ್ತನಾಳ ಕಟ್ಟಿಕೊಂಡೋ ಒಡೆದೋ, ಕೈಗೆ ಅಪ್ಪಣೆ ಕೊಡುವ ಭಾಗ ಹಾಳಾಗಿರುತ್ತದೆ. ಬಲಗೈ ಬಿದ್ದರೆ ಪೆಟ್ಟು ಎಡ ಮೆದುಳಿಗೆ. ಅದಕ್ಕೇ ಪಾರಿವಾಳದ ರಕ್ತ ಹಚ್ಚಿದರೂ, ಯಾವ ಎಣ್ಣೆ ತಿಕ್ಕಿದರೂ ಆ ಅಪ್ಪಣೆ ಮರಳಿ ಹುಟ್ಟುವುದಿಲ್ಲ. ಆದರೆ ಉಳಿದ ಮೆದುಳು ಸ್ವಲ್ಪ ಮಟ್ಟಿಗೆ ಆ ಕೆಲಸವನ್ನು ಕಲಿಯಬಲ್ಲದು. ಮಕ್ಕಳು ಅಕ್ಷರ ತಿದ್ದಿ ತಿದ್ದಿ ಕಲಿಯುವ ಹಾಗೆ, ಇದೂ ಮತ್ತೆ ಮತ್ತೆ ಮಾಡಿಯೇ ಬರಬೇಕು.

ತೊಡಕಿರುವುದು ಈ 'ಮತ್ತೆ ಮತ್ತೆ'ಯಲ್ಲಿಯೇ. ಉತ್ತರ ಅಮೆರಿಕದ ಆಸ್ಪತ್ರೆಗಳಲ್ಲಿ ವ್ಯಾಯಾಮ ಚಿಕಿತ್ಸೆಯ ಹೊತ್ತಿನಲ್ಲಿ ಯಾರೋ ಕೂತು ಎಣಿಸಿದರು. ರೋಗಿ ಕೈಯಿಂದ ಉಪಯೋಗದ ಕೆಲಸ ಮಾಡಿದ್ದು ಒಂದು ಸಲಕ್ಕೆ ಸರಾಸರಿ 32 ಬಾರಿ ಎಂದು 2009ರಲ್ಲಿ ಪ್ರಕಟಿಸಿದರು. ಅಷ್ಟರಿಂದ ಮೆದುಳು ಏನು ಕಲಿತೀತು? ಯಂತ್ರಕ್ಕಾದರೆ ಬೇಸರವಿಲ್ಲ, ಸೊಂಟನೋವೂ ಇಲ್ಲ. ಒಂದೇ ಸಲಕ್ಕೆ ಸಾವಿರ ಬಾರಿ ಬೇಕಾದರೂ ಕೈ ಆಡಿಸೀತು.

ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ನೆವಿಲ್ ಹೋಗನ್, ಹೆರ್ಮಾನೊ ಕ್ರೆಬ್ಸ್ ಮತ್ತು ಸಂಗಡಿಗರು ಕಟ್ಟಿದ 'ಎಂಐಟಿ ಮಾನುಸ್' ಯಂತ್ರ 1990ರ ದಶಕದಲ್ಲಿ ರೋಗಿಗಳ ಬಳಿಗೆ ಬಂತು. ಮಾನುಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕೈ. ರೋಗಿ ಒಂದು ಹಿಡಿ ಹಿಡಿದು ಮೇಜಿನ ಮುಂದೆ ಕೂರಬೇಕು. ಪರದೆಯ ಮೇಲೆ ಒಂದು ಚುಕ್ಕೆ ಕಾಣಿಸುತ್ತದೆ, ಕೈ ಅತ್ತ ಸರಿಯಬೇಕು. ಸರಿಯದಿದ್ದರೆ ಯಂತ್ರವೇ ಮೆಲ್ಲಗೆ ಒಯ್ಯುತ್ತದೆ, ಸರಿದರೆ ತಾನು ಸುಮ್ಮನಿರುತ್ತದೆ. ಇದರಲ್ಲಿ ಪವಾಡವೇನಿಲ್ಲ. ಈಗ ಮುಚ್ಚಿಹೋಗಿರುವ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರ ತಯಾರಿಸಿದ ಹಿರಿಯರಿಗೆ ತೋರಿಸಿದರೆ, ಮೋಟಾರು ಎಲ್ಲಿದೆ ಎಂದು ಅವರೇ ಹುಡುಕಿಯಾರು!

ಇನ್ನು ಫಲಿತಾಂಶ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 127 ಹಳೆಯ ರೋಗಿಗಳ ಮೇಲೆ ನಡೆದ ಪರೀಕ್ಷೆಯ ವರದಿ 2010ರಲ್ಲಿ ಬಂತು. ಯಂತ್ರದ ಅಭ್ಯಾಸ ಮಾಡಿದವರು, ಬರೀ ಮಾಮೂಲಿ ಆರೈಕೆಯಲ್ಲಿದ್ದವರಿಗಿಂತ ಒಂಬತ್ತು ತಿಂಗಳ ಹೊತ್ತಿಗೆ ಸ್ವಲ್ಪ ಮುಂದಿದ್ದರು. ಆದರೆ ಯಂತ್ರವಿಲ್ಲದೆ, ಚಿಕಿತ್ಸಕರೇ ಅಷ್ಟೇ ಬಿರುಸಿನಿಂದ ಅಭ್ಯಾಸ ಮಾಡಿಸಿದವರನ್ನು ಮೀರಲಿಲ್ಲ. ಬ್ರಿಟನ್ನಿನಲ್ಲಿ ಇನ್ನೂ ದೊಡ್ಡ ಪರೀಕ್ಷೆ ನಡೆಯಿತು: 770 ರೋಗಿಗಳು, ವಾರಕ್ಕೆ ಮೂರು ದಿನ, ದಿನಕ್ಕೆ 45 ನಿಮಿಷ, 12 ವಾರ. 2019ರಲ್ಲಿ ಪ್ರಕಟವಾದ ಫಲಿತಾಂಶ ನಿರಾಸೆಯದು. ಲೋಟ ಹಿಡಿಯುವ, ವಸ್ತು ಎತ್ತಿಡುವಂಥ ಕೆಲಸಗಳಲ್ಲಿ ಯಂತ್ರದವರು ಮಾಮೂಲಿ ಆರೈಕೆಯವರಿಗಿಂತ ಮುಂದೆ ಹೋಗಲಿಲ್ಲ.

ಹಾಗಾದರೆ ಯಂತ್ರ ದಂಡವೇ? ದಂಡವೆಂದು ನಾನು ಹೇಳಲಾರೆ. ಕೈ ಅಲುಗುವುದು ಬೇರೆ, ಕೈಯಿಂದ ಕೆಲಸವಾಗುವುದು ಬೇರೆ. ಮೊದಲನೆಯದಕ್ಕೆ ಯಂತ್ರ ಒದಗೀತು. ಎರಡನೆಯದನ್ನು ಕೆಲಸ ಮಾಡಿಯೇ ಕಲಿಯಬೇಕು. ಆರು ತಿಂಗಳಾದ ಮೇಲೆ ಇನ್ನೇನೂ ಬರಲ್ಲ ಎನ್ನುವ ಮಾತನ್ನೂ ಪೂರ್ತಿ ನಂಬಬೇಕಾಗಿಲ್ಲ. ಅಮೆರಿಕದ ಆ 127 ಜನರಿಗೂ ಲಕ್ವ ಹೊಡೆದು ಆರು ತಿಂಗಳು ಮೀರಿತ್ತು. ನಮ್ಮಲ್ಲಿಯೂ ವೆಲ್ಲೂರಿನ ಸಿಎಂಸಿ ಮತ್ತು ಮದ್ರಾಸಿನ ಐಐಟಿಯವರು ಸೇರಿ 'ಪ್ಲೂಟೋ' ಎಂಬ ಪುಟ್ಟ ಯಂತ್ರ ಮಾಡಿದ್ದಾರೆ. ಒಂದೇ ಮೋಟಾರು, ಹಿಡಿ ಬದಲಿಸಿದರೆ ಮಣಿಕಟ್ಟಿಗೂ ಆಯಿತು, ಬೆರಳಿಗೂ ಆಯಿತು. ಇಂಥದ್ದು ಜಿಲ್ಲೆ ಜಿಲ್ಲೆಗೂ ಬಂದರೆ ಬಾತಿಯವರು ಬೆಂಗಳೂರಿನಲ್ಲಿ ಮನೆ ಹಿಡಿಯುವುದು ತಪ್ಪೀತು.

ಅಲ್ಲಿಯವರೆಗೆ? ಆಸ್ಪತ್ರೆಯವರು ಯಂತ್ರ ಇದೆ ಎಂದರೆ ಎಷ್ಟು ವಾರ, ಒಟ್ಟು ಖರ್ಚೆಷ್ಟು, ಯಂತ್ರದ ಜೊತೆಗೆ ಚಿಕಿತ್ಸಕರು ಕೈಯಿಂದ ಕೆಲಸ ಮಾಡಿಸುತ್ತಾರೆಯೇ ಎಂದು ನಾಚದೆ ಕೇಳಿ. ಸಾಲ ಮಾಡುವ ಮೊದಲು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಫಿಸಿಯೋಥೆರಪಿಸ್ಟರಿಗೆ ಕೈ ತೋರಿಸಿ. ಮನೆಯಲ್ಲಿ ಏನು ಮಾಡಿಸಬೇಕೆಂದು ಅವರಿಂದಲೇ ಕಲಿತು ಬನ್ನಿ. ಬೆರಳು ತೀರಾ ಬಿಗಿದುಕೊಂಡಿದ್ದರೆ ಸಡಿಲಿಸುವ ಇಂಜೆಕ್ಷನ್ನೂ ಇದೆ, ವೈದ್ಯರನ್ನು ಕೇಳಿ. ಬರೀ ಮನೆಯವರ ಆರೈಕೆಯೇ ಸಾಕು ಅನ್ನುವಂತೆಯೂ ಇಲ್ಲ. ನಮ್ಮ ದೇಶದ 14 ಆಸ್ಪತ್ರೆಗಳ 1250 ರೋಗಿಗಳಲ್ಲಿ, ಮನೆಯವರಿಗೆ ತರಬೇತಿ ಕೊಟ್ಟು ನೋಡಿದ ಪರೀಕ್ಷೆಯಲ್ಲೂ ಹೆಚ್ಚಿನ ಲಾಭ ಕಾಣಲಿಲ್ಲವೆಂದು 2017ರಲ್ಲಿ ವರದಿಯಾಗಿದೆ. ಆದ್ದರಿಂದ ಕೈ ಬರಲಿಲ್ಲವೆಂದು ಸೊಸೆಯನ್ನು ದೂರುವವರು ಸ್ವಲ್ಪ ಬಾಯಿ ಬಿಗಿಹಿಡಿದರೆ ಒಳ್ಳೆಯದು.

ಬೆರಳು ಅಷ್ಟಿಷ್ಟು ಆಡುವವರಿಗೆ ಅಡಿಗೆಮನೆಯಲ್ಲೇ ಕೆಲಸವಿದೆ. ಹಿಟ್ಟು ನಾದುವುದು, ಶೇಂಗಾ ಸುಲಿಯುವುದು, ಒದ್ದೆ ಬಟ್ಟೆ ಹಿಂಡುವುದು. ನಮ್ಮ ದಾವಣಗೆರೆ ಮಂಡಕ್ಕಿಯನ್ನೇ ತಟ್ಟೆಗೆ ಸುರಿದು ಒಂದೊಂದೇ ಕಾಳು ಆರಿಸಿ ಬಟ್ಟಲಿಗೆ ಹಾಕಿಸಿ. ಹೆಚ್ಚು ಒತ್ತಿದರೆ ಪುಡಿಯಾಗುತ್ತದೆ, ಒತ್ತದಿದ್ದರೆ ಜಾರುತ್ತದೆ. ರೋಗಿಯನ್ನು ಎಬ್ಬಿಸುವಾಗ ಮಾತ್ರ ಬಿದ್ದ ಕೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರೀತು. ಸ್ಪರ್ಶ ತಿಳಿಯದ ಕೈಗೆ ಬಿಸಿನೀರಿನ ಚೀಲ ಬೇಡವೇ ಬೇಡ, ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ.

ಒಮ್ಮೆ ಲಕ್ವ ಹೊಡೆದವರಿಗೆ ಮತ್ತೆ ಹೊಡೆಯುವ ಭಯವಿರುತ್ತದೆ. ಬಿಪಿ ಗುಳಿಗೆ ಒಂದು ದಿನವೂ ತಪ್ಪಬಾರದು. ಮುಖ ಸೊಟ್ಟಗಾಗಿ, ಕೈ ಜೋತುಬಿದ್ದು, ಮಾತು ತೊದಲಿದರೆ ಆ ಕ್ಷಣವೇ 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯಷ್ಟೇ ಅವಕಾಶ.

ಮನೆಯ ಯಜಮಾನರಿಗೆ ಲಕ್ವ ಹೊಡೆದರೆ ಹೆಂಡತಿ, ಸೊಸೆ, ಮಗಳು ಮೂವರೂ ನಿಲ್ಲುತ್ತಾರೆ. ಹೆಂಗಸಿಗೇ ಹೊಡೆದರೆ "ಇನ್ನೇನು ವಯಸ್ಸಾಯ್ತಲ್ಲ, ಕೂತು ಉಣ್ಲಿ ಬಿಡ್ರಿ" ಅನ್ನುವುದನ್ನು ನಾನೇ ಕೇಳಿದ್ದೇನೆ. ಕೂತು ಉಣ್ಣುವುದಕ್ಕೂ ಕೈ ಬೇಕಲ್ಲ! ಅಭ್ಯಾಸ ಮಾಡಿಸುವ ಕೆಲಸ ಸೊಸೆಯೊಬ್ಬಳದೇ ಆಗದೆ ಬೆಳಿಗ್ಗೆ ಮಾವನವರಿಗೆ, ಸಂಜೆ ಶಾಲೆಯಿಂದ ಬಂದ ಮೊಮ್ಮಕ್ಕಳಿಗೆ ಹಂಚಿಹೋಗಲಿ. ಮಂಡಕ್ಕಿ ಎಷ್ಟು ಕಾಳು, ಶೇಂಗಾ ಎಷ್ಟು ಎಂದು ಮಕ್ಕಳೇ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಗುಳಿಗೆ ಚೀಟಿಯ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಳ್ಳಿ.