ಅನಿಮೆ ಚಿತ್ರಗಳೂ ಅರ್ಥವಿಚಾರವೂ

2025ರ ಗಣರಾಜ್ಯೋತ್ಸವದ ಮರುದಿನ ನಮ್ಮ ಒಂಬತ್ತನೆಯ ತರಗತಿಯಲ್ಲಿ ಒಂದು ವಾಗ್ವಾದ ನಡೆಯಿತು. ಜಪಾನೀಯರೂ ಭಾರತೀಯರೂ ಕೂಡಿ ರಚಿಸಿದ ರಾಮಾಯಣದ ಅನಿಮೆ ಚಿತ್ರವು ಅದೇ ಜನವರಿ 24ರಂದು ಚಿತ್ರಮಂದಿರಗಳಿಗೆ ಬಂದಿದ್ದಿತು. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮನೆಯವರೊಡನೆ ಹೋಗಿ ಅದನ್ನು ತಮಿಳು ಮಾತುಗಳೊಡನೆ ನೋಡಿಬಂದಿದ್ದರು. “ನಮ್ಮ ರಾಮನನ್ನು ಜಪಾನಿನವರು ಎಷ್ಟು ಚೆನ್ನಾಗಿ ತಿಳಿದಿದ್ದಾರೆ!” ಎಂದು ಒಬ್ಬನು ಮೆಚ್ಚಿದನು. “ಪಟ್ಟಾಭಿಷೇಕಕ್ಕೇ ಕಥೆ ಮುಗಿದರೆ ಉತ್ತರಕಾಂಡ ಎಲ್ಲಿ? ಸೀತೆಯನ್ನು ಕಾಡಿಗೆ ಕಳುಹಿಸಿದ್ದನ್ನು ತೋರಿಸದಿರುವುದೂ ಒಂದು ರಾಜಕೀಯವೇ” ಎಂದಳು ಅವನ ಪಕ್ಕದವಳು. ದೇವರ ಕಥೆಗೆ ರಾಜಕೀಯವನ್ನು ಏಕೆ ಎಳೆಯುತ್ತೀರಿ ಎಂದು ಹಿಂದಿನ ಸಾಲಿನಿಂದ ಮತ್ತೊಬ್ಬನು ಕೂಗಿದನು. ಆ ಹೊತ್ತಿಗೆ ಒಳಗೆ ಬಂದ ನಾನು “ರಾಜಕೀಯ ಬೇಡ, ಪಾಠ ತೆಗೆಯಿರಿ” ಎಂದುಬಿಟ್ಟೆನು. ಮೌನವೇನೋ ಆಯಿತು, ಆದರೆ ಒಂದೇ ಬೆಂಚಿನಲ್ಲಿ ಕುಳಿತಿರುತ್ತಿದ್ದ ಆ ಇಬ್ಬರು ಹಲವು ದಿನ ಬೇರೆ ಬೇರೆ ಕುಳಿತರು. ತಪ್ಪು ನನ್ನದೆಂದು ತಿಳಿಯಲು ನನಗೆ ಅಷ್ಟು ದಿನಗಳೇ ಬೇಕಾದುವು. ಅಂದು ಹೇಳದೆ ಬಿಟ್ಟ ಪಾಠವೇ ಈ ಲೇಖನ.

ಅನಿಮೆ ಎಂದರೆ ಜಪಾನಿನಲ್ಲಿ ಬರೆದ ಚಿತ್ರಗಳಿಂದ ಕಟ್ಟಿದ ಚಲಚ್ಚಿತ್ರವೆಂಬುದು ನಿಮಗೆಲ್ಲ ತಿಳಿದಿದೆ. ಈ ವಿಷಯದಲ್ಲಿ ನೀವೇ ನನಗೆ ಗುರುಗಳು. ಆದರೂ ಒಂದು ಸೂಕ್ಷ್ಮವನ್ನು ಗಮನಿಸಿರಿ. ಕ್ಯಾಮರಾ ಹಿಡಿದು ತೆಗೆದ ಚಿತ್ರದಲ್ಲಿ ಕಾಗೆಯೊಂದು ತಾನಾಗಿಯೇ ಹಾರಿಹೋಗಬಹುದು. ಬರೆದ ಚಿತ್ರದಲ್ಲಿ ಆ ಕಾಗೆಯನ್ನೂ ಯಾರೋ ಒಬ್ಬರು ಕುಳಿತು ಬರೆಯಲೇಬೇಕು. ಅಲ್ಲಿ ಆಕಸ್ಮಿಕವೆಂಬುದಿಲ್ಲ. ವೈರಿಯ ಮುಖ ಹೇಗಿರಬೇಕು, ಯಾರ ಕಣ್ಣೀರನ್ನು ಹತ್ತಿರದಿಂದ ತೋರಿಸಬೇಕು, ಕಥೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬ ಎಲ್ಲವೂ ಆಯ್ಕೆಗಳು. ಆಯ್ಕೆ ಇರುವಲ್ಲಿ ಅರ್ಥವಿದೆ. ಅಧಿಕಾರ ಯಾರದು, ಶತ್ರು ಯಾರು ಎಂಬುದರ ಬಗೆಗಿನ ಆಯ್ಕೆಯಾದರೆ ಅದಕ್ಕೆ ರಾಜಕೀಯಾರ್ಥವೂ ಇದೆ. ಚುನಾವಣೆಯ ಮಾತು ಬಂದರೆ ಮಾತ್ರ ರಾಜಕೀಯವೆಂದು ಭಾವಿಸಬೇಕಾಗಿಲ್ಲ.

ಆ ರಾಮಾಯಣ ಚಿತ್ರದ ಹುಟ್ಟೇ ಒಂದು ವಿವಾದದಿಂದ ಆದುದು. 1983ರಲ್ಲಿ ಯೂಗೊ ಸಾಕೊ ಎಂಬ ಜಪಾನೀ ನಿರ್ದೇಶಕರು ಪುರಾತತ್ತ್ವಜ್ಞ ಬಿ. ಬಿ. ಲಾಲ್ ಅವರು ಅಲಹಾಬಾದಿನ ಬಳಿ ನಡೆಸಿದ ಉತ್ಖನನಗಳ ಮೇಲೆ ಸಾಕ್ಷ್ಯಚಿತ್ರವೊಂದನ್ನು ತೆಗೆಯಲು ಬಂದಿದ್ದರು. ವಿದೇಶೀಯರೊಬ್ಬರು ರಾಮಾಯಣವನ್ನೇ ಚಿತ್ರಿಸುತ್ತಿದ್ದಾರೆಂಬ ತಪ್ಪು ತಿಳಿವಳಿಕೆ ಪತ್ರಿಕಾವಾರ್ತೆಯಿಂದ ಹರಡಿ, ವಿಶ್ವ ಹಿಂದೂ ಪರಿಷತ್ತು ಜಪಾನೀ ರಾಯಭಾರ ಕಚೇರಿಗೆ ಪ್ರತಿಭಟನೆಯ ಪತ್ರ ಬರೆಯಿತು. ಇಲ್ಲದ ಚಿತ್ರಕ್ಕೆ ಪ್ರತಿಭಟನೆ! ಆದರೆ ಸಾಕೊ ಅವರು ಮುನಿಯಲಿಲ್ಲ. ಸಂಶಯವನ್ನು ನಿವಾರಿಸಿದರು, ಆ ವೇಳೆಗೆ ರಾಮಾಯಣವನ್ನು ಜಪಾನೀ ಅನುವಾದಗಳಲ್ಲಿ ಓದಿ ಮನಸೋತಿದ್ದ ಅವರು, ಅದನ್ನು ನಿಜವಾಗಿಯೇ ಅನಿಮೆಯಾಗಿ ಮಾಡುತ್ತೇನೆಂದು ಮುಂದೆ ಬಂದರು. ರಾಮನು ದೇವರಾದುದರಿಂದ ನಟನೊಬ್ಬನ ಮುಖಕ್ಕಿಂತ ಬರೆದ ರೂಪವೇ ಅವನಿಗೆ ತಕ್ಕುದೆಂದು ಅವರ ಅಭಿಪ್ರಾಯ. ವಿಷಯವು ಸೂಕ್ಷ್ಮವಾದುದೆಂದು ಭಾರತ ಸರ್ಕಾರವು ಸಹನಿರ್ಮಾಣಕ್ಕೆ ಒಪ್ಪಲಿಲ್ಲ. ಆದುದರಿಂದ ಚಿತ್ರವು ಜಪಾನಿನಲ್ಲಿಯೇ ಸಿದ್ಧವಾಯಿತು. ಸುಮಾರು 450 ಮಂದಿ ಕಲಾವಿದರು ದುಡಿದರು. ನಮ್ಮ ದೇಶದ ರಾಮ್ ಮೋಹನ್ ಅವರು ಸಹನಿರ್ದೇಶಕರಾಗಿ ನಿಂತರು. ಧೋತ್ರದ ನಿರಿಗೆ ಹೇಗೆ ಬೀಳುತ್ತದೆ, ಹಿರಿಯರಿಗೆ ಹೇಗೆ ನಮಸ್ಕರಿಸುತ್ತಾರೆ ಎಂಬಂಥ ವಿವರಗಳನ್ನು ಭಾರತೀಯ ಕಲಾವಿದರು ಜಪಾನೀ ಚಿತ್ರಕಾರರಿಗೆ ತಿಳಿಸಬೇಕಾಗಿದ್ದಿತು. 1993ರ ಜನವರಿಯಲ್ಲಿ, ಅಯೋಧ್ಯೆಯ ಘಟನೆಗಳಿಂದ ದೇಶವು ತಳಮಳಗೊಂಡಿದ್ದ ಸಮಯದಲ್ಲಿ, ದೆಹಲಿಯ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ಅದು ಪ್ರದರ್ಶಿತವಾಯಿತು. ಒಂದೇ ಚಿತ್ರ 1993ರಲ್ಲಿ ನೋಡಿದವರಿಗೆ ಒಂದು ಬಗೆಯಾಗಿ, 2025ರಲ್ಲಿ ನೋಡಿದವರಿಗೆ ಇನ್ನೊಂದು ಬಗೆಯಾಗಿ ತೋರಿದ್ದರೆ ಆಶ್ಚರ್ಯವೇನು?

ಇನ್ನು ಉತ್ತರಕಾಂಡದ ಪ್ರಶ್ನೆ. ಕಥೆಯನ್ನು ಪಟ್ಟಾಭಿಷೇಕದಲ್ಲಿ ನಿಲ್ಲಿಸುವುದು ಸಾಕೊ ಅವರು ಕಂಡುಹಿಡಿದ ಉಪಾಯವಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಹಾಗೆಯೇ ಪಾರಾಯಣ ಮಾಡುತ್ತಾರೆ. ಹಾಗೆಂದು ಆ ಹುಡುಗಿಯ ಪ್ರಶ್ನೆ ಬಿದ್ದುಹೋಗುವುದಿಲ್ಲ. ಕನ್ನಡಿಗರಿಗಂತೂ ಇದು ಮನೆಯ ಮಾತು. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. 1944ರಲ್ಲಿ ಕುವೆಂಪು ಅವರು ಉತ್ತರಕಾಂಡದ ಶಂಬೂಕನ ಕಥೆಯನ್ನು ‘ಶೂದ್ರತಪಸ್ವಿ’ ನಾಟಕವನ್ನಾಗಿ ಬರೆದು, ತಪಸ್ವಿಯ ವಧೆಯನ್ನು ತಪ್ಪಿಸಿ, ದೂರು ತಂದ ಬ್ರಾಹ್ಮಣನೇ ಅವನಿಗೆ ನಮಿಸುವಂತೆ ಮಾಡಿದರು. ಹಳೆಯ ಕಥೆಯನ್ನು ಹೀಗೆ ಮಾರ್ಪಡಿಸುವುದು ಉಚಿತವಲ್ಲವೆಂದು ಮಾಸ್ತಿಯವರು ಆಕ್ಷೇಪಿಸಿದರು. ಕುವೆಂಪು ಅವರು ಉತ್ತರ ಬರೆದರು. ಇಬ್ಬರೂ ನಮಗೆ ಪೂಜ್ಯರೇ. ನಮ್ಮ ಈ ಊರಿನಲ್ಲಿಯೂ 1943ರಲ್ಲಿ, ಮದರಾಸು ಲಾ ಕಾಲೇಜಿನಲ್ಲಿ, ಸಿ. ಎನ್. ಅಣ್ಣಾದುರೈ ಅವರಿಗೂ ತಮಿಳು ವಿದ್ವಾಂಸ ರಾ. ಪಿ. ಸೇತುಪ್ಪಿಳ್ಳೆಯವರಿಗೂ ಕಂಬರಾಮಾಯಣದ ವಿಷಯವಾಗಿ ವಾದ ನಡೆಯಿತು. ಅದು ಸುಡತಕ್ಕ ಗ್ರಂಥವೆಂದು ಒಬ್ಬರು, ಉಳಿಸಿಕೊಳ್ಳತಕ್ಕ ಕಾವ್ಯವೆಂದು ಮತ್ತೊಬ್ಬರು. ಇದಕ್ಕಿಂತ ದೂರದ ಎರಡು ತುದಿಗಳುಂಟೇ? ಆದರೂ ಇಬ್ಬರೂ ಒಂದೇ ವೇದಿಕೆಯ ಮೇಲೆ ನಿಂತು ಮಾತನಾಡಿದರು. ನನ್ನ ತರಗತಿಯಲ್ಲಿ ಅಷ್ಟೂ ಆಗಲಿಲ್ಲವೆಂಬುದು ನನಗೆ ನಾಚಿಕೆ.

ಅಂಥ ವಾದದಲ್ಲಿ ಎಡವುವುದು ಎಲ್ಲಿ ಎಂಬುದಕ್ಕೆ ಜಪಾನಿನ ಮೊದಲ ಪೂರ್ಣಪ್ರಮಾಣದ ಅನಿಮೆ ಚಿತ್ರವೇ ಒಳ್ಳೆಯ ನಿದರ್ಶನ. ಮಿತ್ಸುಯೊ ಸೆಯೊ ಅವರು ನೌಕಾದಳದ ಅಪೇಕ್ಷೆಯಂತೆ ನಿರ್ಮಿಸಿದ ಮೊಮೊತಾರೊ ಚಿತ್ರವದು. 1945ರ ಏಪ್ರಿಲ್‌ನಲ್ಲಿ ತೆರೆಕಂಡಿತು. ಪೀಚ್ ಹಣ್ಣಿನಿಂದ ಹುಟ್ಟಿದ ಬಾಲಕ ಮೊಮೊತಾರೊ ಜಪಾನಿನ ಅಜ್ಜಿಕಥೆಗಳ ವೀರ. ಚಿತ್ರದಲ್ಲಿ ಅವನು ಸೇನಾಪತಿ; ಕರಡಿ, ಕೋತಿ ಮೊದಲಾದ ಪ್ರಾಣಿಗಳು ಸೈನಿಕರು. ತೆಂಕಣ ದ್ವೀಪವೊಂದರ ಪ್ರಾಣಿಗಳಿಗೆ ಅವರು ಹಾಡಿನ ಮೂಲಕ ಜಪಾನೀ ಅಕ್ಷರ ಕಲಿಸುತ್ತಾರೆ. ದೃಶ್ಯವು ಮುದ್ದಾಗಿದೆ. ಅಕ್ಷರ ಕಲಿಸುವುದು ಒಳ್ಳೆಯದಲ್ಲವೇ ಎನ್ನಿಸುತ್ತದೆ. ಆದರೆ ಆ ದ್ವೀಪದವರಿಗೆ ತಮ್ಮದೇ ನುಡಿ ಇರಲಿಲ್ಲವೇ ಎಂದು ತಮಿಳುನಾಡಿನಲ್ಲಿ ಕನ್ನಡ ಕಲಿಯುವ ನೀವು ಕೇಳದಿದ್ದರೆ ಇನ್ನಾರು ಕೇಳಬೇಕು? 1942ರ ಏಪ್ರಿಲ್‌ನಲ್ಲಿ ಅದೇ ನೌಕಾದಳದ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದಾಗ ಮದರಾಸಿನ ಜನರು ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಅಂದು ಹಾಗೆ ಓಡಿದವರ ಮೊಮ್ಮಕ್ಕಳಿಗೆ ಆ ಮುದ್ದು ಕೋತಿಗಳು ಬೇರೆಯಾಗಿಯೇ ಕಾಣುತ್ತವೆ.

ಇಷ್ಟಕ್ಕೆ ತೀರ್ಪು ಕೊಟ್ಟು ಏಳುವಂತಿಲ್ಲ. ಆ ಚಿತ್ರವನ್ನು ಒಸಾಕಾದಲ್ಲಿ ನೋಡಿ ಕಣ್ಣೀರಿಟ್ಟವರಲ್ಲಿ 16 ವರ್ಷದ ಒಬ್ಬ ಹುಡುಗನಿದ್ದನು. ಯುದ್ಧದ ಚಿತ್ರದೊಳಗೇ ಶಾಂತಿಯ ಹಂಬಲವೊಂದು ಅಡಗಿದೆಯೆಂದು ಅವನಿಗೆ ತೋರಿತು. ತಾನೂ ಇಂಥ ಚಿತ್ರಗಳನ್ನು ಮಾಡಬೇಕೆಂದು ನಿಶ್ಚಯಿಸಿದನು. ಅವನೇ ಮುಂದೆ ‘ಆಸ್ಟ್ರೊ ಬಾಯ್’ ಕಥೆಯನ್ನು ಸೃಷ್ಟಿಸಿದ ಒಸಾಮು ತೆಜುಕಾ. ನೌಕಾದಳವು ಹಣ ಕೊಟ್ಟದ್ದು ಸತ್ಯ, ಹುಡುಗನು ಕಂಡದ್ದೂ ಸತ್ಯ. ಮಾಡಿಸಿದವರ ಉದ್ದೇಶವೇ ಚಿತ್ರದ ಪೂರ್ಣಾರ್ಥವಾಗಿದ್ದರೆ ತೆಜುಕಾ ಅವರು ಭ್ರಮೆಗೊಂಡರೆನ್ನಬೇಕಾಗುತ್ತದೆ. ನನಗೆ ಹಾಗೆ ತೋರುವುದಿಲ್ಲ.

ನಿರ್ದೇಶಕರ ಮಾತೇ ಕಡೆಯ ಮಾತೆನ್ನುವವರೂ ಉಂಟು. ಅವರು 1988ರ ‘ಮಿಂಚುಹುಳುಗಳ ಸಮಾಧಿ’ ಚಿತ್ರವನ್ನು ನೋಡಲಿ. 1945ರಲ್ಲಿ ಕೋಬೆ ನಗರವು ಬಾಂಬಿನಿಂದ ಉರಿದ ಮೇಲೆ ಅಣ್ಣ ತಂಗಿಯರಿಬ್ಬರು ಹಸಿದು ಸಾಯುವ ಕಥೆ ಅದು. ಲೋಕವೆಲ್ಲ ಅದನ್ನು ಯುದ್ಧವಿರೋಧಿ ಚಿತ್ರವೆಂದು ಕೊಂಡಾಡಿತು. ನಿರ್ದೇಶಕ ಇಸಾವೊ ತಕಾಹಾತಾ ಅವರಾದರೋ, ಬಾಲ್ಯದಲ್ಲಿ ತಾವೇ ಬಾಂಬುದಾಳಿಯನ್ನು ಕಂಡವರಾದರೂ, ಅದು ಯುದ್ಧವಿರೋಧಿ ಚಿತ್ರವಲ್ಲವೆಂದೇ ಹೇಳಿದರು. ಸಮಾಜದಿಂದ ದೂರ ಸರಿದು ಬದುಕಲೆತ್ನಿಸಿದ ಮಕ್ಕಳ ಸೋಲು ಅವರ ಲಕ್ಷ್ಯ. ಅವರ ಮಾತನ್ನು ಕೇಳಿದ ಬಳಿಕ ಚಿತ್ರವನ್ನು ಮತ್ತೊಮ್ಮೆ ನೋಡಬೇಕು, ನಿಜ. ಆದರೆ ನಿಮ್ಮ ಕಣ್ಣೀರನ್ನು ಹಿಂದಕ್ಕೆ ಕೊಡಬೇಕಾಗಿಲ್ಲ. ‘ಒನ್ ಪೀಸ್’ ಕಥೆಯ ಹುಲ್ಲುಟೋಪಿಯ ಬಾವುಟವು 2025ರಲ್ಲಿ ಇಂಡೊನೇಷ್ಯದಲ್ಲಿಯೂ ನೇಪಾಳದಲ್ಲಿಯೂ ಪ್ರತಿಭಟನೆಗಾರರ ಕೈಗೆ ಬಂದುದನ್ನು ನೀವೇ ನನಗೆ ತೋರಿಸಿದಿರಿ. ಕಡಲ್ಗಳ್ಳರ ಬಾವುಟವು ಯಾರದೋ ನ್ಯಾಯದ ಬಾವುಟವಾಗುವುದು ಕಥೆಗಾರನು ಕೇಳಿಕೊಂಡದ್ದಲ್ಲ.

ಮತ್ತೆ ನಮ್ಮ ತರಗತಿಗೆ ಬರೋಣ. ಆ ಫೆಬ್ರವರಿಯಲ್ಲಿ ಒಂದು ಶುಕ್ರವಾರ ಕಡೆಯ ಅವಧಿಯನ್ನು ಬಿಟ್ಟುಕೊಟ್ಟು, “ನಿಲ್ಲಿಸಿದ್ದನ್ನು ಈಗ ಮುಂದುವರಿಸಿರಿ” ಎಂದೆನು. ಒಂದೇ ನಿಬಂಧನೆ: ತೆರೆಯ ಮೇಲೆ ಏನು ಕಂಡಿತೆಂಬುದನ್ನು ಮೊದಲು ಹೇಳಬೇಕು, ಅದರ ಅರ್ಥವೇನೆಂಬುದನ್ನು ಆಮೇಲೆ. ಮೆಚ್ಚಿದವನು ಉತ್ತರಕಾಂಡ ಬೇಕೆಂಬ ಪಕ್ಷವನ್ನೂ, ಆಕ್ಷೇಪಿಸಿದವಳು ಬೇಡವೆಂಬ ಪಕ್ಷವನ್ನೂ ಹಿಡಿಯಬೇಕೆಂದು ಹಿಂದಿನ ಸಾಲಿನವನೇ ಸೂಚಿಸಿದನು. ಇಬ್ಬರೂ ಒಪ್ಪಿದರು. ಆದರೆ ತಮಿಳಿನಲ್ಲಿ ಕೇಳಿದ ಸೀತೆಯ ಮಾತೊಂದನ್ನು ಕನ್ನಡದಲ್ಲಿ ಹೇಳುವಾಗ ‘ಬೇಡಿಕೊಂಡಳು’ ಎನ್ನಬೇಕೋ ‘ಕೇಳಿದಳು’ ಎನ್ನಬೇಕೋ ಎಂಬಲ್ಲಿಯೇ ಅವರಿಗೆ ಜಗಳ ಹತ್ತಿ, ಗಂಟೆ ಹೊಡೆದರೂ ಯಾರೂ ಏಳಲಿಲ್ಲ.