ಯಂತ್ರದ ವೇಗವೂ ಹಾಡಿನ ಭದ್ರತೆಯೂ

ಚಡಚಣವು ಸಿಂಪಿ ಲಿಂಗಣ್ಣನವರ ಊರು. ಅವರನ್ನೊಳಗೊಂಡ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಸಂಗ್ರಹವನ್ನು ಬೆಳಕಿಗೆ ತಂದರು. ಆ ಕಾರ್ಯವನ್ನು ಇಂದು ಮನೆಯ ಕಂಪ್ಯೂಟರಿನಲ್ಲಿ ಧ್ವನಿಸಹಿತವಾಗಿ ಮುಂದುವರಿಸಬಹುದಾಗಿದೆ. ಆದರೆ ಯಂತ್ರವು ತಡವರಿಸಿ ಧ್ವನಿಯು ನಡುನಡುವೆ ಕಡಿದೊಡನೆ, ಪ್ರೊಸೆಸರನ್ನು ನಿಯಮಿತ ವೇಗಕ್ಕಿಂತ ಹೆಚ್ಚಾಗಿ ಓಡಿಸುವ 'ಓವರ್‌ಕ್ಲಾಕಿಂಗ್' ಎಂಬ ಉಪಾಯಕ್ಕೆ ಕೈಹಾಕುವುದು ನಮಗೆ ಸರಿದೋರುವುದಿಲ್ಲ.

ವೇಗವನ್ನೂ ವೋಲ್ಟೇಜನ್ನೂ ನೂರಕ್ಕೆ 10ರಂತೆ ಏರಿಸಿದರೆ ಪ್ರೊಸೆಸರಿನ ಕಾವು ನೂರಕ್ಕೆ ಸುಮಾರು 33ರಷ್ಟು ಏರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಅದನ್ನು ತಣಿಸುವ ಬಗೆಯೇನು? ಫ್ಯಾನಿನ ಗದ್ದಲವು ಮೈಕಿನಲ್ಲಿ ಸೇರುವುದು. ಯಂತ್ರವು ನಡುವೆ ನಿಂತರೆ ಹಾಡೇ ಹೋಗುವುದು. ಎಂಬತ್ತು ದಾಟಿದ ಅಜ್ಜಿಯು ಮತ್ತೊಮ್ಮೆ ಹಾಡುವಳೆಂಬ ಭರವಸೆಯುಂಟೆ?

ಇದಕ್ಕಿಂತ ಸುಲಭವಾದ ಮಾರ್ಗವಿದೆ. 48,000 ಹರ್ಟ್ಸಿನ ಮುದ್ರಣದಲ್ಲಿ ಬಫರನ್ನು 128 ಸ್ಯಾಂಪಲುಗಳಿಂದ 512ಕ್ಕೆ ಏರಿಸಿದರೆ, ಯಂತ್ರಕ್ಕೆ ಪ್ರತಿ ಸಲವೂ ಸುಮಾರು 2.7ರ ಬದಲು 10.7 ಮಿಲಿಸೆಕೆಂಡುಗಳ ಅವಕಾಶವು ದೊರೆಯುತ್ತದೆ. ಹಾಡುವವರು ತಮ್ಮ ಧ್ವನಿಯನ್ನು ಕಂಪ್ಯೂಟರಿನ ಮೂಲಕ ಕೇಳಿಕೊಳ್ಳದಿದ್ದಲ್ಲಿ ಈ ವಿಳಂಬದಿಂದ ಬಾಧೆಯಿಲ್ಲ. ಯಂತ್ರದೊಳಗಿನ ಧೂಳನ್ನು ಆಗಾಗ ತೆಗೆಯತಕ್ಕದ್ದು. ವೇಗದ ಪ್ರಯೋಗವು ಬೇಕೇ ಎನ್ನುವ ತರುಣರು ಮುದ್ರಣ ಮುಗಿದು, ಅದರ ಪ್ರತಿಯೊಂದನ್ನು ಬೇರೆಡೆ ಕಾದಿರಿಸಿದ ಬಳಿಕವೇ ಅದಕ್ಕೆ ತೊಡಗಲೆಂದು ನಮ್ಮ ಸೂಚನೆಯು.