ನೆಡುವ ಮುನ್ನ ನೆಲವನ್ನು ಕೇಳೋಣ

ಸೋಮನಾಥಪುರದ ಕೇಶವ ದೇವಾಲಯದ ಗೋಡೆಗಳ ಮೇಲೆ ಎಲೆ, ಬಳ್ಳಿ, ಹೂವುಗಳಿಗೆ ಲೆಕ್ಕವಿಲ್ಲ. 1258ರಲ್ಲಿ ದಂಡನಾಯಕ ಸೋಮನಾಥ ಕಟ್ಟಿಸಿದ ಈ ಗುಡಿಯಲ್ಲಿ ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲಿನಲ್ಲೇ ಒಂದು ತೋಟ ಬೆಳೆಸಿದ್ದಾರೆ. ಆದರೆ ಆ ಕಲ್ಲನ್ನು ಒಡೆದು ನೋಡಿದರೂ, ನಂಜನಗೂಡು-ತಿ. ನರಸೀಪುರ ಸೀಮೆಯ ಯಾವ ಹಾಸುಬಂಡೆಯನ್ನು ಸೀಳಿದರೂ, ನಿಸರ್ಗ ತಾನೇ ಅಚ್ಚೊತ್ತಿಟ್ಟ ಒಂದು ಎಲೆಯೂ ಸಿಗುವುದಿಲ್ಲ. ಈ ಭಾಗದ ನೆಲಗಟ್ಟಾದ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಸಸ್ಯಗಳು ನೀರಿನಿಂದ ನೆಲಕ್ಕೆ ಬಂದದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ. ನಮ್ಮ ಬಂಡೆಗಳು ಮರಗಳಿಗಿಂತ ಹಳೆಯವು. ಅವುಗಳಲ್ಲಿ ಮರದ ನೆನಪು ಇರಲು ಸಾಧ್ಯವೇ ಇಲ್ಲ.

ಪಕ್ಕದ ತಮಿಳುನಾಡಿನ ತಿರುವಕ್ಕರೈನಲ್ಲಿ ಸುಮಾರು ಎರಡು ಕೋಟಿ ವರ್ಷ ಹಳೆಯ ಮರದ ದಿಮ್ಮಿಗಳು ಕಲ್ಲಾಗಿ ಬಿದ್ದಿವೆ. ಅಂಥ ಭಾಗ್ಯ ಮೈಸೂರು ಸೀಮೆಗಿಲ್ಲ. ಹಾಗೆಂದು ಇಲ್ಲಿನ ಹಳೆಯ ಕಾಡುಗಳ ಕುರಿತು ಮನಬಂದಂತೆ ಊಹಿಸಿಕೊಳ್ಳಬಹುದು ಎಂದಲ್ಲ. ಕೆರೆ ಹೂಳಿನಲ್ಲಿ ಉಳಿದ ಪರಾಗ, ಜೌಗಿನಲ್ಲಿ ಅರೆಕೊಳೆತು ನಿಂತ ಸಸ್ಯರಾಶಿ, ಹಳೆಯ ಒಲೆಗಳ ಇದ್ದಿಲು ಇವೂ ಸಾಕ್ಷಿಗಳೇ. ಇವನ್ನು ವಿಚಾರಿಸದೆ ಗಿಡ ನೆಡುವ ಉತ್ಸಾಹ ನಮ್ಮಲ್ಲಿ ಬೆಳೆದಿದೆ. ನನ್ನ ತಕರಾರು ಇರುವುದು ಅದರ ಬಗ್ಗೆ.

ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ ದಾಟಿ ಬಂಡೀಪುರದ ಮೂಲಕ ಘಟ್ಟ ಹತ್ತಿದರೆ ಊಟಿ. ಅದರ ಸಮೀಪದ ಸ್ಯಾಂಡಿನಳ್ಳದ ಜೌಗು ಕಣಿವೆಗಳಲ್ಲಿ ಪೀಟ್ ಎಂಬ ಕಪ್ಪು ಮಣ್ಣಿದೆ. ಸತ್ತ ಹುಲ್ಲು, ಎಲೆಗಳು ನೀರಿನಡಿಯಲ್ಲಿ ಗಾಳಿ ಸಿಗದೆ ಪೂರ್ತಿ ಕೊಳೆಯದೆ ಪದರಪದರವಾಗಿ ಕೂಡಿಕೊಂಡ ಮಣ್ಣು ಇದು. ಕೆಳಗಿಳಿದಷ್ಟೂ ಕಾಲ ಹಿಂದಕ್ಕೆ ಸರಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಈ ಪದರಗಳನ್ನು ಓದಿ, 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ 20,000 ವರ್ಷಗಳ ಹವಾಮಾನದ ಚರಿತ್ರೆಯನ್ನು ಪ್ರಕಟಿಸಿದರು. 1997ರಲ್ಲಿ ಅದು 40,000 ವರ್ಷಗಳವರೆಗೆ ವಿಸ್ತರಿಸಿತು.

ಓದುವ ಬಗೆ ನಮ್ಮ ಹೊಲಗಳ ಉದಾಹರಣೆಯಿಂದಲೇ ತಿಳಿಯುತ್ತದೆ. ಗಾಳಿಯಿಂದ ಇಂಗಾಲ ಹೀರುವ ವಿಧಾನದಲ್ಲಿ ಸಸ್ಯಗಳಿಗೆ ಎರಡು ಮುಖ್ಯ ಗುಂಪುಗಳಿವೆ. ಭತ್ತ, ನಂಜನಗೂಡಿನ ರಸಬಾಳೆ, ಹೆಚ್ಚುಕಡಿಮೆ ಎಲ್ಲ ಮರಗಳು ಮತ್ತು ತಂಪು ಪ್ರದೇಶದ ಹುಲ್ಲುಗಳು ಒಂದು ಕಡೆ. ರಾಗಿ, ಜೋಳ, ಕಬ್ಬು ಮತ್ತು ಬಿಸಿಲು ನಾಡಿನ ಬಹುಪಾಲು ಹುಲ್ಲುಗಳು ಇನ್ನೊಂದು ಕಡೆ. ಎರಡನೆಯ ಗುಂಪಿನ ಸಸ್ಯಗಳ ಒಡಲಲ್ಲಿ ‘ಇಂಗಾಲ-13’ ಎಂಬ ಭಾರವಾದ ಇಂಗಾಲದ ಪ್ರಮಾಣ ತುಸು ಹೆಚ್ಚು. ಸಸ್ಯ ಮಣ್ಣಾದ ಮೇಲೂ ಆ ಗುರುತು ಅಳಿಯದು. ಒಣಹವೆಯಲ್ಲಿ ಎರಡನೆಯ ಗುಂಪಿನ ಕೈ ಮೇಲು, ತೇವದಲ್ಲಿ ಮೊದಲನೆಯದರದು. ಹೀಗಾಗಿ ಒಂದು ಹಿಡಿ ಪೀಟ್ ಮುಂಗಾರಿನ ಏರಿಳಿತವನ್ನು ಹೇಳಬಲ್ಲದು.

ಅದು ಹೇಳಿದ್ದೇನು? ಸುಮಾರು 6,000ದಿಂದ 3,500 ವರ್ಷಗಳ ಹಿಂದಿನವರೆಗೆ ಅಲ್ಲಿ ಒಣ ಕಾಲವಿತ್ತು. ಸುಮಾರು 600 ವರ್ಷಗಳ ಹಿಂದೆ ಅಲ್ಪಾವಧಿಯ ತೇವದ ಕಾಲವೊಂದು ಬಂದು ಹೋಯಿತು. ಶೋಲಾ ಕಾಡು ಮತ್ತು ಹುಲ್ಲುಗಾವಲು ಹವಾಮಾನಕ್ಕೆ ತಕ್ಕಂತೆ ಹಿಗ್ಗುತ್ತ ಕುಗ್ಗುತ್ತ ಸಾವಿರಾರು ವರ್ಷ ಜೊತೆಯಾಗಿ ಬಾಳಿವೆ. ಮನುಷ್ಯ ಕಾಡು ಕಡಿದದ್ದರಿಂದಲೇ ಆ ಹುಲ್ಲುಗಾವಲು ಹುಟ್ಟಿತು ಎಂಬ ನಂಬಿಕೆಗೆ ಈ ಮಣ್ಣಿನಲ್ಲಿ ಆಧಾರವಿಲ್ಲ.

ಆದರೆ ಆ ನಂಬಿಕೆ ತನ್ನ ಕೆಲಸ ಮುಗಿಸಿಯಾಗಿತ್ತು. ಬ್ರಿಟಿಷರ ಕಣ್ಣಿಗೆ ಹುಲ್ಲುಗಾವಲೆಂದರೆ ಪಾಳುಭೂಮಿ. 19ನೇ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ಬಂದ ವ್ಯಾಟಲ್ ಮತ್ತು ಯೂಕಲಿಪ್ಟಸ್ ಆ ಬೆಟ್ಟಗಳನ್ನೇರಿದವು. ಸ್ವಾತಂತ್ರ್ಯಾನಂತರ ಈ ನೆಡುತೋಪುಗಳು ಇನ್ನೂ ಹರಡಿದವು. ಕನ್ನಡದಲ್ಲಿ ಯೂಕಲಿಪ್ಟಸ್ಸಿಗೆ ನಾವು ಇಟ್ಟ ಹೆಸರೇ ‘ನೀಲಗಿರಿ’. ಯಾವ ಬೆಟ್ಟಕ್ಕೆ ಆ ಮರ ಪರಕೀಯವೋ ಆ ಬೆಟ್ಟದ ಹೆಸರನ್ನೇ ಅದು ಹೊತ್ತುಕೊಂಡಿದೆ. ಒಂದು ತಪ್ಪು ತಿಳಿವಳಿಕೆ ಭಾಷೆಯಲ್ಲೂ ಬೇರೂರುವುದು ಹೀಗೆ. 2022ರಲ್ಲಿ ತಮಿಳುನಾಡು ಸರ್ಕಾರ ಆಕ್ರಮಣಕಾರಿ ಸಸ್ಯಗಳ ನಿರ್ಮೂಲನೆಗೆಂದೇ ಒಂದು ನೀತಿಯನ್ನು ರೂಪಿಸಬೇಕಾಯಿತು.

ಹಳೆಯ ಸಸ್ಯಗಳ ಸಾಕ್ಷ್ಯ ಎಲ್ಲ ಕಡೆಯೂ ಹುಲ್ಲಿನ ಪರವಾಗಿದೆ ಎಂದು ಭಾವಿಸಬೇಕಿಲ್ಲ. ಕಾರವಾರದ ಎದುರಿನ ಕಡಲ ತಳದಲ್ಲಿ ನದಿಗಳು ಹೊತ್ತು ತಂದ ಪರಾಗ ಹೂಳಿನೊಡನೆ ಸಂಚಯವಾಗಿದೆ. ಪರಾಗಕಣದ ಹೊರಕವಚ ಎಷ್ಟು ಗಟ್ಟಿಯೆಂದರೆ ಸಾವಿರಾರು ವರ್ಷಗಳ ನಂತರವೂ ಅದು ಯಾವ ಬಗೆಯ ಸಸ್ಯದ್ದೆಂದು ಸೂಕ್ಷ್ಮದರ್ಶಕದಡಿ ಗುರುತಿಸಬಹುದು. ಪುದುಚೇರಿಯ ಫ್ರೆಂಚ್ ಸಂಸ್ಥೆಯ ವಿಜ್ಞಾನಿಗಳು ಸೇರಿ ನಡೆಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 3,500 ವರ್ಷಗಳಿಂದೀಚೆಗೆ ಅಲ್ಲಿ ನಿತ್ಯಹರಿದ್ವರ್ಣದ ಮರಗಳ ಪರಾಗ ಕ್ಷೀಣಿಸಿ ಒಣನೆಲದ ಸಸ್ಯಗಳದು ಹೆಚ್ಚಿದೆ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ನೀರಲ್ಲೇ ಬೇರು ಬಿಟ್ಟು ನಿಂತಿರುವ ರಾಮಪತ್ರೆ ಜಡ್ಡಿಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮಳೆ ಹೆಚ್ಚಿದ್ದ ಕಾಲದ ಕಾಡಿನ ಕೊನೆಯ ತುಣುಕುಗಳಂತಿರುವ ಇವು ಒಮ್ಮೆ ಕಡಿದರೆ ಇಂದಿನ ಹವೆಯಲ್ಲಿ ಮತ್ತೆ ತಾನಾಗಿ ಹುಟ್ಟುವ ಭರವಸೆಯಿಲ್ಲ. ಅಲ್ಲಿ ನೆಲ ಕೇಳುವುದು ಕಾಡನ್ನೇ.

ಗಮನಿಸಿ: ಬೆಟ್ಟದ ಮೇಲೆ ಒಣ ಕಾಲ ಮುಗಿಯುವ ಹೊತ್ತಿಗೆ ಕರಾವಳಿಯಲ್ಲಿ ತೇವ ಇಳಿಮುಖವಾಗುತ್ತಿತ್ತು. ಒಂದೇ ರಾಜ್ಯದ ಆಸುಪಾಸಿನ ಎರಡು ನೆಲಗಳ ಲೆಕ್ಕ ಒಂದೇ ಅಲ್ಲ. ಹೀಗಿರುವಾಗ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಬಗೆಯ ಸಸಿ, ಒಂದೇ ಅಳತೆಯ ಗುಂಡಿ, ಒಂದೇ ಗುರಿ ಇಟ್ಟುಕೊಂಡು ವನಮಹೋತ್ಸವ ಆಚರಿಸುವುದರಲ್ಲಿ ಅರ್ಥವೇನು? ಗೋಮಾಳಗಳನ್ನೂ ಅಮೃತಮಹಲ್ ಕಾವಲುಗಳನ್ನೂ ‘ಬಂಜರು’ ಎಂದು ಬರೆದುಕೊಂಡು ಹಸಿರೀಕರಣಕ್ಕೆ ಒಪ್ಪಿಸುವುದು ಸುಲಭ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳ ಬಯಲಿಗೂ ನೀಲಗಿರಿ ತೋಪು ಬಂದದ್ದು ಇಂಥ ಆಲೋಚನೆಯಿಂದಲೇ. 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅದರ ಬದಲು ಯಾವ ಮರ ನೆಡಬೇಕು ಎಂಬ ಚರ್ಚೆ ನಡೆಯಿತೇ ಹೊರತು, ಅಲ್ಲಿ ಮರ ಬೇಕೇ ಎಂದು ಕೇಳಿದವರು ವಿರಳ.

ಭೂಮಿ ಬಿಸಿಯಾಗುತ್ತಿರುವಾಗ ಇಂಗಾಲ ಹೀರುವ ಮರ ಬೇಡವೇ ಎಂಬ ಪ್ರಶ್ನೆ ಸಹಜ. ಬೇಕು, ಕಾಡು ಇದ್ದ ಜಾಗದಲ್ಲಿ ಖಂಡಿತ ಬೇಕು. ಆದರೆ ಹುಲ್ಲುಗಾವಲು ತನ್ನ ಇಂಗಾಲದ ಬಹುಭಾಗವನ್ನು ಮಣ್ಣಿನೊಳಗೆ, ಬೇರುಗಳಲ್ಲಿ ಇಟ್ಟುಕೊಂಡಿರುತ್ತದೆ. ಕಾಳ್ಗಿಚ್ಚಿಗೂ ಕೊಡಲಿಗೂ ಅದು ಸುಲಭವಾಗಿ ಸಿಗುವುದಿಲ್ಲ. ಹುಲ್ಲು ಹೋದರೆ ಕುರಿಗಾಹಿಯ ಬದುಕೂ, ಎರ್ಲಡ್ಡು ಹಕ್ಕಿಯ ನೆಲೆಯೂ ಹೋಗುತ್ತವೆ.

ಬಯಲುಸೀಮೆಯ ಸಾಕ್ಷ್ಯವನ್ನು ಬಯಲುಸೀಮೆಯಲ್ಲೇ ಹುಡುಕಬೇಕು. ನೀಲಗಿರಿಯ ಪೀಟ್ ನಮ್ಮ ರಾಗಿಹೊಲಕ್ಕೆ ತೀರ್ಪು ಕೊಡಲಾರದು. ತಿ. ನರಸೀಪುರದ ಸಂಗಮದ ಬಳಿ 1959ರಿಂದ 1965ರ ನಡುವೆ ಎಂ. ಶೇಷಾದ್ರಿಯವರ ನೇತೃತ್ವದ ಉತ್ಖನನ ನವಶಿಲಾಯುಗದ ನೆಲೆಯನ್ನು ಬೆಳಕಿಗೆ ತಂದಿತು. ಬಳ್ಳಾರಿ ಬಳಿಯ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಇಂಥದೇ ನೆಲೆಗಳ ಸುಟ್ಟ ಕಾಳುಗಳನ್ನು ಪರಿಶೀಲಿಸಿ ಅಂದಿನವರು ಹುರುಳಿ, ಹೆಸರು ಬೆಳೆಯುತ್ತಿದ್ದರೆಂದು ಸಂಶೋಧಕರು ತೋರಿಸಿದ್ದಾರೆ. ಅದೇ ಒಲೆಯ ಇದ್ದಿಲು ಅಂದು ಸುತ್ತ ಯಾವ ಮರವಿತ್ತೆಂಬುದನ್ನೂ ಹೇಳುತ್ತದೆ.

ನಮ್ಮ ಕೆರೆಗಳ ಹೂಳಿನಲ್ಲೂ ಇಂಥ ದಾಖಲೆ ಇರುತ್ತದೆ. ಹೂಳೆತ್ತುವ ಯೋಜನೆಗಳಲ್ಲಿ ಅದನ್ನು ಲಾರಿಗಟ್ಟಲೆ ಹೊರಹಾಕುವ ಮುನ್ನ ಒಂದು ಕೊಳವೆ ಇಳಿಸಿ ಪದರಗಳ ಮಾದರಿ ತೆಗೆದಿಡುವುದಕ್ಕೆ ಆಗುವ ವೆಚ್ಚ ಅಲ್ಪ. ಪ್ರತಿ ತಾಲ್ಲೂಕಿನಲ್ಲಿ ಒಂದು ಕೆರೆಯಲ್ಲಾದರೂ ವಿಶ್ವವಿದ್ಯಾಲಯ ಮತ್ತು ಅರಣ್ಯ ಇಲಾಖೆ ಸೇರಿ ಈ ಕೆಲಸ ಮಾಡಿದರೆ, ಮುಂದಿನ ಮಳೆಗಾಲದಲ್ಲಿ ಎಲ್ಲಿ ಗುಂಡಿ ತೋಡಬೇಕು, ಎಲ್ಲಿ ಹುಲ್ಲನ್ನು ಅದರ ಪಾಡಿಗೆ ಬಿಡಬೇಕು ಎಂಬುದಕ್ಕೆ ಆಧಾರವಾದರೂ ಸಿಕ್ಕೀತು.